ಕೂಸಿನ ಬುತ್ತಿ: ನಂಬಿಕೆ ಮತ್ತು ನಿಜ

ಎರಡು ವರ್ಷದ ಮಗುವನ್ನು ಕರೆದುಕೊಂಡು ಊರಿಗೆ ಹೊರಟವರ ಕೈಚೀಲ ಬಿಚ್ಚಿ ನೋಡಿ. ಒಂದು ಬಿಸ್ಕತ್ತಿನ ಪ್ಯಾಕೆಟ್, ಸ್ಟ್ರಾ ಅಂಟಿಸಿದ ಜ್ಯೂಸ್ ಡಬ್ಬಿ, ಅಜ್ಜಿ ಕಟ್ಟಿಕೊಟ್ಟ ಚಕ್ಕುಲಿ, ಪೊಟ್ಟಣದಲ್ಲಿ ಹುರಿದ ಕಡಲೆಬೀಜ. ಬಾಳೆಹಣ್ಣು ಮಾತ್ರ ಇರುವುದಿಲ್ಲ, ಅದು ನೆಗಡಿ ತರುತ್ತದಂತೆ. ಇದ್ದುದರಲ್ಲಿ ನಿರಪಾಯವಾದದ್ದನ್ನು ಮನೆಯಲ್ಲಿ ಬಿಟ್ಟು, ಅಪಾಯದ್ದನ್ನು ಜೋಪಾನವಾಗಿ ಕಟ್ಟಿಕೊಂಡು ಬಂದಂತಾಯಿತು.

ಒಂದರಿಂದ ಮೂರು ವರ್ಷದ ಮಗುವಿಗೆ ದಾರಿಯ ತಿಂಡಿ ಆರಿಸುವಾಗ ಮೂರು ಪ್ರಶ್ನೆ ಕೇಳಿಕೊಳ್ಳಬೇಕು, ಅವಕ್ಕೊಂದು ಕ್ರಮವೂ ಇದೆ. ಗಂಟಲಿಗೆ ಸಿಕ್ಕಿಕೊಳ್ಳುತ್ತದೆಯೇ? ತಿನ್ನಿಸುವ ಹೊತ್ತಿಗೆ ಹಳಸಿರುತ್ತದೆಯೇ? ಇವೆರಡೂ ಇಲ್ಲವೆಂದಾದ ಮೇಲೆ, ಮೈಗೆ ಹಿಡಿಯುವಂಥದ್ದೇ? ನಾವು ಕೊನೆಯದನ್ನು ಮೊದಲು ಕೇಳುತ್ತೇವೆ. ಮೊದಲನೆಯದನ್ನು ಕೇಳುವುದೇ ಇಲ್ಲ. ಪ್ರಯಾಣದ ತಿಂಡಿಯ ಬಗ್ಗೆ ನಮ್ಮಲ್ಲಿರುವ ತಪ್ಪು ಕಲ್ಪನೆಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲೇ.

"ಹಲ್ಲು ಬಂದಿದೆಯಲ್ಲ, ನಾಲ್ಕು ಕಾಳು ಕಡಲೆಬೀಜ ಕೊಟ್ಟರೇನು?"

ಬಂದಿರುವುದು ಮುಂದಿನ ಹಲ್ಲು. ಅದು ಕಚ್ಚುತ್ತದೆ, ಅರೆಯುವುದಿಲ್ಲ. ಅರೆಯುವ ದವಡೆ ಹಲ್ಲುಗಳಲ್ಲಿ ಮೊದಲಿನವು ಒಂದು ವರ್ಷ ಕಳೆದ ಮೇಲೆ ಮೂಡುತ್ತವೆ, ಹಿಂದಿನವು ಬರುವ ಹೊತ್ತಿಗೆ ಎರಡು ವರ್ಷ ದಾಟಿರುತ್ತದೆ. ಹಲ್ಲೆಲ್ಲ ಬಂದ ಮೇಲೂ ಅಗಿಯುವುದು, ನುಂಗುವುದು, ಆ ಕ್ಷಣಕ್ಕೆ ಉಸಿರು ತಡೆಯುವುದು ಇವೆಲ್ಲ ಒಂದಕ್ಕೊಂದು ಹೊಂದಿಕೊಳ್ಳಲು ಕಾಲ ಬೇಕು. ಅದಕ್ಕೇ ಇಡೀ ಬೀಜಗಳನ್ನು 4 ವರ್ಷ ತುಂಬುವವರೆಗೆ ಕೊಡಬೇಡಿ ಎಂದು ಮಕ್ಕಳ ವೈದ್ಯರು ಹೇಳುವುದು. ಬ್ರಿಟನ್ನಿನಲ್ಲಿ 5 ವರ್ಷ ಎನ್ನುತ್ತಾರೆ.

ಪುಟ್ಟ ಮಕ್ಕಳ ಶ್ವಾಸನಾಳದಿಂದ ನಮ್ಮ ದೇಶದ ಆಸ್ಪತ್ರೆಗಳು ಹೊರತೆಗೆಯುವ ಆಹಾರದ ಚೂರುಗಳಲ್ಲಿ ಸಾಮಾನ್ಯವಾಗಿ ಕಡಲೆಬೀಜದ್ದೇ ಮೇಲುಗೈ. ಇದರಲ್ಲಿ ಮೋಸ ಹೋಗುವುದು ಸುಲಭ. ಬೀಜ ಒಳಗೆ ಹೋದಾಗ ಮಗು ಜೋರಾಗಿ ಕೆಮ್ಮುತ್ತದೆ, ಮುಖ ಕೆಂಪಾಗುತ್ತದೆ, ಆಮೇಲೆ ಸುಮ್ಮನಾಗುತ್ತದೆ. "ಹೋಯಿತು, ಒಳಗಿಳಿಯಿತು" ಎಂದು ದೊಡ್ಡವರು ನಿಟ್ಟುಸಿರು ಬಿಡುತ್ತಾರೆ. ಇಳಿದಿರುವುದು ಹೊಟ್ಟೆಗಲ್ಲ, ಶ್ವಾಸನಾಳದ ಕವಲಿಗೆ. ಅಲ್ಲಿ ಬೀಜ ತೇವ ಹೀರಿ ಉಬ್ಬುತ್ತದೆ, ಅದರ ಎಣ್ಣೆಯಂಶ ಸುತ್ತಲಿನ ಪೊರೆಯನ್ನು ಕೆರಳಿಸುತ್ತದೆ. ಕೆಲವು ದಿನವೋ ವಾರವೋ ಕಳೆದ ಮೇಲೆ ಮಗುವಿಗೆ ಬಿಡದ ಕೆಮ್ಮು, ಉಬ್ಬಸದಂಥ ಸದ್ದು, ಒಂದೇ ಬದಿಗೆ ಮತ್ತೆ ಮತ್ತೆ ನ್ಯುಮೋನಿಯಾ. ಎಕ್ಸ್‌ರೇಯಲ್ಲಿ ನಾಣ್ಯ ಕಾಣುತ್ತದೆ, ಕಡಲೆಬೀಜ ಕಾಣುವುದಿಲ್ಲ. ಮಗು ಏನನ್ನೋ ತಿನ್ನುವಾಗ ಒಮ್ಮೆ ಉಸಿರು ಕಟ್ಟಿತ್ತು ಎಂದು ಮನೆಯವರು ನೆನಪಿಟ್ಟು ಹೇಳಿದರೆ ವೈದ್ಯರಿಗೆ ಅದೇ ದೊಡ್ಡ ಸುಳಿವು. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಅಪ್ಪನ ಹೆಗಲ ಮೇಲೆ ಕೂತ ಕೂಸಿನ ಬಾಯಿಗೆ ಬೀಜ ಸುಲಿದು ಹಾಕುವವರನ್ನು ಕಂಡಾಗಲೆಲ್ಲ ನನಗೆ ಪರಿಷೆಯ ಸಂಭ್ರಮಕ್ಕಿಂತ ಇದೇ ಮನಸ್ಸಿಗೆ ಬರುತ್ತದೆ.

ಕಡಲೆಬೀಜವೊಂದೇ ಅಲ್ಲ. ಗುಂಡಗೆ, ಗಟ್ಟಿಯಾಗಿ ಅಥವಾ ಜಾರುವಂತೆ ಇರುವ ಎಲ್ಲವೂ ಇದೇ ಗುಂಪಿನವು: ಹುರಿಗಡಲೆ, ಇಡೀ ಬಾದಾಮಿ, ಪಾಪ್‌ಕಾರ್ನ್, ಹಸಿ ಕ್ಯಾರೆಟ್ ತುಂಡು, ಕೊಬ್ಬರಿ ಚೂರು, ದೇವಸ್ಥಾನದಲ್ಲಿ ಕೈಗೆ ಹಾಕುವ ಕಲ್ಲುಸಕ್ಕರೆ, ಬೀಜ ತೆಗೆಯದ ಸೀತಾಫಲ, ಪುಟ್ಟ ಕಪ್ಪಿನಲ್ಲಿ ಬರುವ ಜೆಲ್ಲಿ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಕೂಡ ಮುರಿದಾಗ ಚೂಪಾದ ಗಟ್ಟಿ ಚೂರಾಗುತ್ತವೆ. ನಿಪ್ಪಟ್ಟಿನೊಳಗೆ ಕಡಲೆಬೀಜ ಬೇರೆ. ಹಣ್ಣೆಂಬ ಕಾರಣಕ್ಕೆ ದ್ರಾಕ್ಷಿಗೆ ರಿಯಾಯಿತಿ ಇಲ್ಲ. ಅದನ್ನು ಉದ್ದಕ್ಕೆ ನಾಲ್ಕಾಗಿ ಸೀಳಿಯೇ ಕೊಡಬೇಕು. ಅಡ್ಡಕ್ಕೆ ಎರಡು ಮಾಡಿದರೆ ಗುಂಡು ಆಕಾರ ಹಾಗೇ ಉಳಿಯುತ್ತದೆ, ಬಾಟಲಿಯ ಬಾಯಿಗೆ ಬಿರಡೆ ಕೂತಂತೆ ಶ್ವಾಸನಾಳದಲ್ಲಿ ಕೂರುತ್ತದೆ.

ಹಾಗೆಂದು ಕಡಲೆಬೀಜವನ್ನೇ ಮನೆಯಿಂದಾಚೆ ಹಾಕಬೇಕಿಲ್ಲ. "ಅಲರ್ಜಿ ಆಗುತ್ತದೆ, ಮೂರು ವರ್ಷದವರೆಗೆ ತೋರಿಸಲೇಬೇಡಿ" ಎನ್ನುವುದು ಇನ್ನೊಂದು ಬದಿಯ ತಪ್ಪು. ಒಂದು ಕಾಲಕ್ಕೆ ಪಾಶ್ಚಾತ್ಯ ವೈದ್ಯರೂ ಹಾಗೇ ಹೇಳುತ್ತಿದ್ದರು. 2015ರಲ್ಲಿ ಪ್ರಕಟವಾದ ಲಂಡನ್ನಿನ ಲೀಪ್ ಅಧ್ಯಯನ ಅದನ್ನು ಬುಡಮೇಲು ಮಾಡಿತು. ಅಲರ್ಜಿಯ ಅಪಾಯ ಹೆಚ್ಚಿದ್ದ 640 ಶಿಶುಗಳಲ್ಲಿ ಕೆಲವರಿಗೆ ಮೊದಲ ವರ್ಷದಿಂದಲೇ ಕಡಲೆಬೀಜದ ಆಹಾರ ಕೊಡಲಾಯಿತು, ಉಳಿದವರಿಗೆ ಇಲ್ಲ. ಐದು ವರ್ಷದ ಹೊತ್ತಿಗೆ, ತಿಂದ ಮಕ್ಕಳಲ್ಲಿ ಅಲರ್ಜಿ ಬಹಳ ಕಡಿಮೆ ಇತ್ತು. ಮೈಮೇಲೆ ತೀವ್ರ ಇಸುಬು ಅಥವಾ ಮೊಟ್ಟೆ ಅಲರ್ಜಿ ಇರುವ ಮಗುವಾದರೆ ಮೊದಲು ವೈದ್ಯರನ್ನು ಕೇಳಿ. ಉಳಿದವರಿಗೆ ನುಣ್ಣಗೆ ಪುಡಿ ಮಾಡಿದ ಶೇಂಗಾ ಒಳ್ಳೆಯ ಆಹಾರ. ಉತ್ತರ ಕರ್ನಾಟಕದವರ ಮೆತ್ತನೆಯ ಶೇಂಗಾ ಹೋಳಿಗೆ ಸಿಹಿಯೇನೋ ಹೌದು, ಆದರೆ ಇಡೀ ಕಾಳಿನ ಪೊಟ್ಟಣಕ್ಕಿಂತ ಎಷ್ಟೋ ವಾಸಿ.

"ಸಿಕ್ಕಿಕೊಂಡರೆ ನೀರು ಕುಡಿಸಿ, ಅನ್ನದ ಉಂಡೆ ನುಂಗಿಸಿ"

ಇದು ಮೀನಿನ ಮುಳ್ಳಿಗೆ ಹುಟ್ಟಿದ ಉಪಾಯ, ಅಲ್ಲೂ ಅದು ಸರಿಯಲ್ಲ. ಉಸಿರ ದಾರಿ ಕಟ್ಟಿದ ಮಗುವಿಗಂತೂ ಮೇಲಿಂದ ಇನ್ನೊಂದು ತುತ್ತು ತುರುಕಿದಂತೆ. ಮಗು ಸದ್ದು ಮಾಡಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ಅದಕ್ಕಿಂತ ಒಳ್ಳೆಯ ಉಪಾಯ ನಮ್ಮ ಕೈಯಲ್ಲಿಲ್ಲ. ಕೆಮ್ಮು ಬರುತ್ತಿಲ್ಲ, ಅಳುವೂ ಬರುತ್ತಿಲ್ಲ, ತುಟಿ ನೀಲಿಯಾಗುತ್ತಿದೆ ಎಂದರೆ ತಡ ಮಾಡಬಾರದು. ಮಗುವನ್ನು ಮುಂದಕ್ಕೆ ಬಗ್ಗಿಸಿ ಎರಡು ಹೆಗಲೆಲುಬುಗಳ ನಡುವೆ ಅಂಗೈ ಬುಡದಿಂದ ಐದು ಸಲ ಬಲವಾಗಿ ತಟ್ಟಿ. ಹೊರಬರದಿದ್ದರೆ, ಒಂದು ವರ್ಷ ದಾಟಿದ ಮಗುವಿಗೆ ಹಿಂದಿನಿಂದ ತಬ್ಬಿ ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿಯಿಟ್ಟು ಐದು ಸಲ ಒಳಕ್ಕೂ ಮೇಲಕ್ಕೂ ಒತ್ತಿ. ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು, ಎದೆಯ ನಡುವೆ ಒತ್ತಬೇಕು. ಬೆನ್ನಿಗೆ ತಟ್ಟುವುದು, ಒತ್ತುವುದು ಇವೆರಡನ್ನೂ ಒಂದಾದ ಮೇಲೊಂದರಂತೆ ಮಾಡುತ್ತಿರಿ, ಜೊತೆಗಿದ್ದವರು 108ಕ್ಕೆ ಕರೆ ಮಾಡಲಿ. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಾಡಬೇಡಿ, ಅದು ಇನ್ನೂ ಒಳಕ್ಕೆ ಹೋಗುತ್ತದೆ. ಇದನ್ನು ಓದಿ ಕಲಿಯುವುದಕ್ಕಿಂತ ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ಬೊಂಬೆಯ ಮೇಲೆ ಒಮ್ಮೆ ಮಾಡಿ ನೋಡುವುದು ಮೇಲು.

"ಕಾರಿನಲ್ಲಿ ಏನಾದರೂ ತಿನ್ನಿಸುತ್ತಿದ್ದರೆ ಹಠ ಮಾಡುವುದಿಲ್ಲ"

ಹಠ ಮಾಡುವುದಿಲ್ಲ, ನಿಜ. ಆದರೆ ಹಿಂದಿನ ಸೀಟಿನಲ್ಲಿ ಒರಗಿ ತಿನ್ನುತ್ತಿರುವ ಮಗುವಿಗೆ ಉಸಿರು ಕಟ್ಟಿದರೆ ಗಾಡಿ ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ, ಏಕೆಂದರೆ ಪೂರ್ತಿ ಕಟ್ಟಿದ ಗಂಟಲು ಸದ್ದು ಮಾಡದು. ಗಾಡಿ ನಿಲ್ಲಿಸಿ, ಕೂರಿಸಿ, ಎದುರಿಗಿದ್ದು ತಿನ್ನಿಸಿ. ಎರಡು ಮೂರು ಗಂಟೆಗೊಮ್ಮೆ ತಿಂದರೆ ಈ ವಯಸ್ಸಿಗೆ ಸಾಕು. ನಡುವಿನ ಹಠ ಹೆಚ್ಚಾಗಿ ಬೇಸರದ್ದು, ಬಾಯಾರಿಕೆಯದ್ದು, ನಿದ್ದೆಯದ್ದು.

"ಬಾಳೆಹಣ್ಣು ನೆಗಡಿ, ಮೊಸರು ಕೆಮ್ಮು"

ನೆಗಡಿಯನ್ನೂ ಅದರ ಜೊತೆಯ ಕೆಮ್ಮನ್ನೂ ತರುವುದು ವೈರಸ್. ಅದು ಬರುವುದು ಪಕ್ಕದ ಸೀಟಿನವರ ಸೀನಿನಿಂದ, ಬಸ್ಸಿನ ಕಂಬಿ ಹಿಡಿದ ಕೈ ಬಾಯಿಗೆ ಹೋದಾಗ. ಪ್ರಯಾಣದಲ್ಲಿ ಬಾಳೆಹಣ್ಣೂ ಇರುತ್ತದೆ, ಜನಸಂದಣಿಯೂ ಇರುತ್ತದೆ. ಎರಡು ದಿನ ಬಿಟ್ಟು ಮೂಗು ಸೋರಿದಾಗ ಅಪವಾದ ಹಣ್ಣಿನ ತಲೆಗೆ. ದಾರಿಗೆ ಇದಕ್ಕಿಂತ ಅನುಕೂಲದ ಹಣ್ಣು ಇನ್ನೊಂದಿಲ್ಲ. ತೊಳೆಯಬೇಕಿಲ್ಲ, ಕತ್ತರಿಸಬೇಕಿಲ್ಲ, ಸಿಪ್ಪೆಯೇ ಪ್ಯಾಕೆಟ್, ಒಸಡಿನಲ್ಲೇ ಕರಗುತ್ತದೆ. ಏಲಕ್ಕಿ ಬಾಳೆಯಂತೂ ಒಂದು ಹಣ್ಣು ಒಂದು ಮಗುವಿಗೆ ಎಂದು ಅಳತೆ ಮಾಡಿಟ್ಟ ಹಾಗಿದೆ.

"ಮೊಸರನ್ನ ಎಷ್ಟು ಹೊತ್ತಾದರೂ ಕೆಡುವುದಿಲ್ಲ"

ಇದರಲ್ಲಿ ಅರ್ಧ ಸತ್ಯವಿದೆ, ಆ ಅರ್ಧದ ಬಗ್ಗೆ ನನಗೆ ಗೌರವವೂ ಇದೆ. ಮೊಸರಿನ ಹುಳಿ ಅನೇಕ ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ತಡೆಯುತ್ತದೆ. ಬರಿ ಅನ್ನವೋ ಪಲಾವೋ ಅಷ್ಟು ತಾಳುವುದಿಲ್ಲ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಕೂತಷ್ಟು ಹೊತ್ತೂ ಅವು ಬೆಳೆಯುತ್ತವೆ, ವಾಂತಿ ತರಿಸುವ ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಪ್ರಯಾಣಕ್ಕೆ ನಮ್ಮಲ್ಲಿ ಮೊಸರನ್ನ ಕಲಸುವ ಬಗೆಯೇ ಬೇರೆ. ಬಿಸಿ ಅನ್ನಕ್ಕೆ ಹಾಲು ಹೆಚ್ಚು, ಮೊಸರು ಒಂದೇ ಚಮಚ. ಮಧ್ಯಾಹ್ನ ಡಬ್ಬಿ ತೆರೆದಾಗ ಹುಳಿಯಾಗದೆ ಹದವಾಗಿರಲಿ ಎಂದು. ದೊಡ್ಡವರಿಗೆ ಇದು ಜಾಣತನವೇ. ಆದರೆ ಹುಳಿ ಏರುವವರೆಗಿನ ಆ ಕೆಲವು ಗಂಟೆ ಡಬ್ಬಿಯೊಳಗಿರುವುದು ಬೆಚ್ಚಗಿನ ಹಾಲನ್ನ, ಮೊಸರನ್ನವಲ್ಲ. ಮಗುವಿಗಾದರೆ ಅನ್ನ ಪೂರ್ತಿ ಆರಿದ ಮೇಲೆ, ಚೆನ್ನಾಗಿ ಹೆಪ್ಪಾದ ತಣ್ಣನೆಯ ಮೊಸರಲ್ಲೇ ಕಲಸಿ, ಮೊದಲ ಊಟಕ್ಕೇ ಮುಗಿಸಿ. ಬೇಯಿಸಿದ ಆಹಾರ ಹೊರಗೆ ಎರಡು ಗಂಟೆ, 32 ಡಿಗ್ರಿ ಮೀರಿದ ಬಿಸಿಲಲ್ಲಿ ಒಂದೇ ಗಂಟೆ ಎಂಬುದು ಆಹಾರ ಸುರಕ್ಷತೆಯವರ ಲೆಕ್ಕ. ಅದನ್ನು ಕೇಳಿದರೆ ನಮ್ಮ ಅಜ್ಜಿಯರು ನಕ್ಕಾರು. ಆದರೆ ಏಪ್ರಿಲ್‌ನಲ್ಲಿ ರಾಯಚೂರಿಗೋ ಕಲಬುರಗಿಗೋ ಹೊರಟಿದ್ದರೆ ನಾನು ಲೆಕ್ಕದವರ ಕಡೆಯೇ. ಇನ್ನೊಂದು ಮಾತು: ಚೆಂದಕ್ಕೆಂದು ಮೊಸರನ್ನದ ಮೇಲೆ ಉದುರಿಸುವ ಇಡೀ ದ್ರಾಕ್ಷಿ, ಗೋಡಂಬಿ ಮಗುವಿನ ಪಾಲಿಗೆ ಬೇಡ.

ದೂರದ ದಾರಿಗೆ ಒಣಗಿದ್ದನ್ನು ಒಯ್ದು ಅಲ್ಲೇ ಕಲಸುವುದು ಇದಕ್ಕಿಂತ ಸಲೀಸು. ರಾಗಿ ಹುರಿಹಿಟ್ಟು ಕೆಡುವುದಿಲ್ಲ. ಫ್ಲಾಸ್ಕಿನ ಬಿಸಿನೀರಿಗೋ ಹಾಲಿಗೋ ಹಾಕಿ ಕಲಸಿದರೆ ಎರಡು ನಿಮಿಷದಲ್ಲಿ ಸಿದ್ಧ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅದೆಲ್ಲವೂ ಮೈಗೆ ಸೇರುವುದಿಲ್ಲ, ರಾಗಿಯಲ್ಲೇ ಇರುವ ಫೈಟೇಟ್ ಅದನ್ನು ಹಿಡಿದಿಡುತ್ತದೆ. ಮೊಳಕೆ ಬರಿಸಿ ಮಾಡಿದ ಹಿಟ್ಟಿನಲ್ಲಿ ಈ ತೊಡಕು ಕಡಿಮೆ. ಒಣ ಹಿಟ್ಟನ್ನು ಮಾತ್ರ ಮಗುವಿನ ಬಾಯಿಗೆ ಹಾಕಬೇಡಿ, ಉಸಿರೆಳೆದರೆ ಒಳಗೆ ಹೋಗುತ್ತದೆ. ತೆಳು ಅವಲಕ್ಕಿ ನೆನೆಸಿ ಬಾಳೆಹಣ್ಣು ಕಿವುಚುವುದೂ ಹೀಗೇ ಸುಲಭ. ಇಡ್ಲಿಗೆ ತುಪ್ಪ ಸವರಿ ಒಯ್ಯಿರಿ, ತೆಂಗಿನಕಾಯಿ ಚಟ್ನಿ ಬೇಡ. ಇಡ್ಲಿಗಿಂತ ಬಹಳ ಮೊದಲೇ ಚಟ್ನಿ ಹಳಸುತ್ತದೆ.

"ಪ್ಯಾಕೆಟ್ ಮೇಲೆ ರಾಗಿ, ಮಲ್ಟಿಗ್ರೇನ್ ಅಂತ ಬರೆದಿದೆ, ಒಳ್ಳೆಯದೇ ಇರಬೇಕು"

ಮುಂದೆ ಬರೆದದ್ದು ಮಾರುವುದಕ್ಕೆ, ಹಿಂದೆ ಬರೆದದ್ದು ಓದುವುದಕ್ಕೆ. ಪದಾರ್ಥಗಳ ಪಟ್ಟಿಯಲ್ಲಿ ಯಾವುದು ತೂಕದಲ್ಲಿ ಹೆಚ್ಚೋ ಅದೇ ಮೊದಲು ಬರಬೇಕೆಂದು ನಿಯಮ. ಮೈದಾ, ಸಕ್ಕರೆ, ಪಾಮ್ ಎಣ್ಣೆ ಎಂದು ಶುರುವಾಗಿ ರಾಗಿ ಆಮೇಲೆಲ್ಲೋ ಬಂದರೆ ಅದು ರಾಗಿಯ ಹೆಸರಿನ ಮೈದಾ ಬಿಸ್ಕತ್ತು. ಸಾಮಾನ್ಯ ಗ್ಲೂಕೋಸ್ ಬಿಸ್ಕತ್ತಿನಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಸಕ್ಕರೆ. ಬೆಲ್ಲ ಹಾಕಿದ್ದಾರೆಂದು ಸಮಾಧಾನಪಡಬೇಡಿ, ಬೆಲ್ಲವೂ ಬಹುಪಾಲು ಸಕ್ಕರೆಯೇ. ಅದರಲ್ಲಿ ಕಬ್ಬಿಣವಿರುವುದು ನಿಜ, ಆದರೆ ಮಗು ತಿನ್ನುವ ಚೂರಿನಲ್ಲಿ ಅದು ಲೆಕ್ಕಕ್ಕೆ ಬರುವಷ್ಟಿರುವುದಿಲ್ಲ. ಖರ್ಜೂರ, ಒಣದ್ರಾಕ್ಷಿ ಒಳ್ಳೆಯವೇ, ಆದರೆ ಹಲ್ಲಿಗೆ ಅಂಟುತ್ತವೆ. ಬೀಜ ತೆಗೆದು ಸಣ್ಣಗೆ ಹೆಚ್ಚಿ ಕೊಟ್ಟು ಮೇಲೆ ನೀರು ಕುಡಿಸಿ. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ಮಾತ್ರ ಹನಿಯೂ ಬೇಡ, ಬೊಟ್ಯುಲಿಸಂ ಎಂಬ ಅಪರೂಪದ ಆದರೆ ಗಂಭೀರ ಕಾಯಿಲೆಯ ಭಯವಿದೆ.

ಜ್ಯೂಸ್ ಡಬ್ಬಿಯ ವಿಷಯ ಇಷ್ಟೇ. ಎರಡು ವರ್ಷದೊಳಗೆ ಬೇಡವೇ ಬೇಡ, ಎರಡರಿಂದ ಐದು ವರ್ಷದವರಿಗೆ ದಿನಕ್ಕೆ 125 ಮಿಲಿಲೀಟರ್ ಮೀರಬಾರದು ಎಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2019ರಲ್ಲೇ ಹೇಳಿದೆ. 2024ರ ಜೂನ್‌ನಲ್ಲಿ ಆಹಾರ ಸುರಕ್ಷತೆ ಪ್ರಾಧಿಕಾರ, ನೀರು ಬೆರೆಸಿ ಮರುತಯಾರಿಸಿದ ರಸದ ಮೇಲಿಂದ 'ನೂರಕ್ಕೆ ನೂರು ಹಣ್ಣಿನ ರಸ' ಎಂಬ ಬರಹ ತೆಗೆಯುವಂತೆ ಸೂಚಿಸಿತು. ಅದಕ್ಕೆ ಎರಡು ತಿಂಗಳು ಮುಂಚೆ, ಮಾಲ್ಟ್ ಪೇಯಗಳನ್ನು ಆನ್‌ಲೈನ್ ಅಂಗಡಿಗಳು 'ಹೆಲ್ತ್ ಡ್ರಿಂಕ್' ಎಂದು ಮಾರಬಾರದೆಂದೂ ಹೇಳಿತ್ತು. ದಾರಿಯಲ್ಲಿ ಮಗುವಿಗೆ ಬೇಕಿರುವುದು ಕುದಿಸಿ ಆರಿಸಿದ ನೀರು.

ಬಿಸ್ಕತ್ತು ವಿಷವಲ್ಲ ಎಂದೂ ಹೇಳಬೇಕು. ಘಾಟಿಯಲ್ಲಿ ಗಾಡಿ ಸಾಲುಗಟ್ಟಿ ನಿಂತು, ಡಬ್ಬಿ ಖಾಲಿಯಾಗಿ, ಮಗು ಹಸಿದು ಅಳುತ್ತಿದ್ದರೆ ಎರಡು ಬಿಸ್ಕತ್ತು ಕೊಟ್ಟ ತಾಯಿಯನ್ನು ಯಾರೂ ಗದರಬೇಕಾಗಿಲ್ಲ. ಅದು ಬಾಯಲ್ಲಿ ಕರಗುತ್ತದೆ, ಹಳಸುವುದಿಲ್ಲ. ಮೂರರಲ್ಲಿ ಎರಡು ಪ್ರಶ್ನೆಗೆ ಪಾಸು.

"ದಾರಿಯಲ್ಲಿ ತಿನ್ನದಿದ್ದರೆ ಮಗು ಸೊರಗಿಹೋಗುತ್ತದೆ"

ಒಂದು ದಿನ ಕಡಿಮೆ ತಿಂದ ಆರೋಗ್ಯವಂತ ಮಗು ಮರುದಿನ ಸರಿದೂಗಿಸಿಕೊಳ್ಳುತ್ತದೆ. ಏನು ಕೊಡಬೇಕು, ಯಾವಾಗ ಕೊಡಬೇಕು ಎನ್ನುವುದು ದೊಡ್ಡವರ ಕೆಲಸ. ಎಷ್ಟು ತಿನ್ನಬೇಕು ಎನ್ನುವುದನ್ನು ಮಗುವಿಗೆ ಬಿಡಬಹುದು. ಮೂಗು ಹಿಡಿದು, ಮೊಬೈಲ್ ತೋರಿಸಿ ತುರುಕಿದ ತುತ್ತು ಘಾಟಿಯ ತಿರುವಿನಲ್ಲಿ ವಾಂತಿಯಾಗಿ ಹೊರಬರುವುದೇ ಹೆಚ್ಚು. ಊಟಕ್ಕಿಂತ ನೀರಿನ ಮೇಲೆ ಕಣ್ಣಿಡಿ, ಎದೆಹಾಲು ಕುಡಿಯುವ ಮಗುವಾದರೆ ಹಾಲಿನ ಮೇಲೆ. ಆರೇಳು ಗಂಟೆ ಮೂತ್ರವೇ ಆಗಿಲ್ಲ, ಬಾಯಿ ಒಣಗಿದೆ, ಅತ್ತರೆ ಕಣ್ಣೀರು ಬರುತ್ತಿಲ್ಲ, ಮಂಕಾಗಿ ಮಲಗಿದೆ ಎಂದರೆ ಅದು ಹಸಿವಲ್ಲ, ಮೈಯ ನೀರು ಬತ್ತಿರುವ ಲಕ್ಷಣ. ಆಗ ಊರು ತಲುಪುವವರೆಗೆ ಕಾಯದೆ ದಾರಿಯಲ್ಲಿ ಸಿಗುವ ಮೊದಲ ಆಸ್ಪತ್ರೆಯಲ್ಲೇ ಇಳಿಯಿರಿ.