ಲೆಕ್ಕದ ಮೇಷ್ಟ್ರು ತಪ್ಪಿದ ಲೆಕ್ಕ

ನಾನು 34 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು. ಈಗ ನನಗೆ 71. ಕಳೆದ ವರ್ಷ ಒಂದು ಸಂಜೆ, ಏಳನೇ ಕ್ಲಾಸಿನ ನನ್ನ ಮೊಮ್ಮಗಳು ಪುಸ್ತಕ ಹಿಡಿದು ಬಂದು, “ತಾತ, ಹದಿನೇಳು ಎಂಟ್ಲಿ ಎಷ್ಟು?” ಎಂದಳು. ಬಾಯಿ ತೆರೆದೆ, ಉತ್ತರ ಬರಲಿಲ್ಲ. ತಲೆಯೊಳಗೆ ಮಂಜು ಕವಿದ ಹಾಗಿತ್ತು.

“ಅರವತ್ತಕ್ಕೆ ಅರಳು ಮರಳು ಅಂತಾರೆ. ನಿಮಗೆ ಹತ್ತು ವರ್ಷ ತಡವಾಗಿ ಬಂತು” ಎಂದು ನಮ್ಮಾಕೆ ನಗಲು ನೋಡಿದಳು. ಆದರೆ ಅವಳ ಕಣ್ಣು ತುಂಬಿತ್ತು.

ಅದಕ್ಕೂ ಮೊದಲೇ ಒಂದು ತಿಂಗಳಿಂದ ಊಟ ಸೇರುತ್ತಿರಲಿಲ್ಲ. ಮಲಬದ್ಧತೆ ಬೇರೆ. ಎಷ್ಟು ನೀರು ಕುಡಿದರೂ ಬಾಯಾರಿಕೆ, ರಾತ್ರಿ ಐದಾರು ಸಲ ಎದ್ದು ಹೋಗಬೇಕು. ಸಕ್ಕರೆ ಕಾಯಿಲೆ ಇರಬಹುದೆಂದು ಪರೀಕ್ಷೆ ಮಾಡಿಸಿದರೆ ಅದೂ ಇಲ್ಲ. ಕೊನೆಗೆ ವಾಂತಿ ಶುರುವಾದಾಗ ಮಗ ಆಸ್ಪತ್ರೆಗೆ ಸೇರಿಸಿದ.

ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ 13.8 ಬಂತು. ಅದು ಸುಮಾರು ಎಂಟೂವರೆಯಿಂದ ಹತ್ತೂವರೆಯೊಳಗೆ ಇರಬೇಕು. ಕಿಡ್ನಿಯೂ ಸೋಲುತ್ತಿತ್ತು. “ಮೇಷ್ಟ್ರೇ, ಏನೇನು ಔಷಧಿ ತಗೊಳ್ತೀರಿ?” ಎಂದು ಡಾಕ್ಟರಮ್ಮ ಕೇಳಿದರು. “ಬಿ.ಪಿ. ಮಾತ್ರೆ ಒಂದೇ” ಎಂದೆ. ಮಂಚದ ಪಕ್ಕ ನಿಂತಿದ್ದ ಮೊಮ್ಮಗಳು ತಟ್ಟನೆ, “ಮತ್ತೆ ದಿನಾ ರಾತ್ರಿ ಹಾಲಿಗೆ ಪುಡಿ ಹಾಕ್ಕೋತೀಯಲ್ಲ ತಾತ?” ಎಂದಳು.

ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ನಿಂತಿತು. “ಯಾವ ಪುಡಿ, ಪುಟ್ಟಿ?”

ಅದು ವಿಟಮಿನ್ ಡಿ ಪುಡಿ. ಮಂಡಿನೋವಿಗೆಂದು ಹೋದಾಗ ರಕ್ತದಲ್ಲಿ ಡಿ ಕಡಿಮೆಯಿದೆ ಎಂದು ಬೇರೊಬ್ಬ ಡಾಕ್ಟರು ಬರೆದುಕೊಟ್ಟಿದ್ದರು. ಒಂದು ಪೊಟ್ಟಣದಲ್ಲಿ 60,000 ಯೂನಿಟ್. ವಾರಕ್ಕೆ ಒಂದು, ಎಂಟು ವಾರ ಮಾತ್ರ. ಮಂಡಿನೋವು ಕಡಿಮೆಯಾದಂತೆ ಅನಿಸಿತು. ವಾರಕ್ಕೊಂದೇ ಇಷ್ಟು ಒಳ್ಳೆಯದು ಮಾಡಿದರೆ ದಿನಾ ತಗೊಂಡರೆ ಇನ್ನೂ ಒಳ್ಳೆಯದಲ್ಲವೇ ಎಂದು ನಾನೇ ತೀರ್ಮಾನಿಸಿ, ಚೀಟಿ ಮುಗಿದ ಮೇಲೂ ಡಬ್ಬಿಗಟ್ಟಲೆ ತರಿಸಿ ದಿನಕ್ಕೊಂದು ಹಾಲಿಗೆ ಬೆರೆಸಿ ಕುಡಿದೆ. ವಿಟಮಿನ್ ಎಂದರೆ ಊಟದ ಹಾಗೆ, ಔಷಧಿಯಲ್ಲ ಎಂಬುದು ನನ್ನ ನಂಬಿಕೆ.

ಮತ್ತೆ ರಕ್ತ ತೆಗೆದರು. ವಿಟಮಿನ್ ಡಿ 212 ಇತ್ತು. 100 ದಾಟಿದರೇ ಹೆಚ್ಚು, 150 ದಾಟಿದರೆ ವಿಷವಾಗುವ ಅಪಾಯ.

ಡಾಕ್ಟರಮ್ಮ ಮೊಮ್ಮಗಳಿಗೆ ವಿವರಿಸಿದ್ದನ್ನು ಮಲಗಿದಲ್ಲೇ ಕೇಳಿಸಿಕೊಂಡೆ. ಬಿ ಗುಂಪಿನ ವಿಟಮಿನ್‌ಗಳು ಮತ್ತು ಸಿ ನೀರಿನಲ್ಲಿ ಕರಗುತ್ತವೆ. ಹೆಚ್ಚಾದದ್ದು ಬಹುಮಟ್ಟಿಗೆ ಮೂತ್ರದಲ್ಲಿ ಹೋಗುತ್ತದೆ. ಹಾಗೆಂದು ಅವನ್ನೂ ಮುಕ್ಕುವಂತಿಲ್ಲ. ಬಿ6 ಬಹಳ ದಿನ ಅತಿಯಾದರೆ ನರಗಳಿಗೆ ಪೆಟ್ಟು. ಎ, ಡಿ, ಇ, ಕೆ ಈ ನಾಲ್ಕು ಕರಗುವುದು ಕೊಬ್ಬಿನಲ್ಲಿ. ಕಣಜಕ್ಕೆ ರಾಗಿ ತುಂಬಿದ ಹಾಗೆ ಅವು ಮೈಯೊಳಗೆ ಕೂಡುತ್ತಾ ಹೋಗುತ್ತವೆ. ಊಟದಲ್ಲಿರುವ ಕ್ಯಾಲ್ಸಿಯಂ ರಕ್ತಕ್ಕೆ ಸೇರಲು ನೆರವಾಗುವುದು ಡಿ ಕೆಲಸ. ಅದೇ ಅತಿಯಾದರೆ ಮೂಳೆಯಿಂದಲೂ ಕ್ಯಾಲ್ಸಿಯಂ ಹೊರಬಂದು ರಕ್ತಕ್ಕೆ ಸೇರುತ್ತದೆ. ಆಗ ಬಾಯಾರಿಕೆ, ವಾಂತಿ, ಮಲಬದ್ಧತೆ, ಮಂಕು, ಕಿಡ್ನಿಗೆ ಏಟು.

“ಹಾಗಾದ್ರೆ ಬಿಸಿಲಲ್ಲಿ ಆಡಿದ್ರೂ ಹೀಗಾಗುತ್ತಾ?” ಎಂದಳು ಪುಟ್ಟಿ. ಇಲ್ಲವಂತೆ. ಬಿಸಿಲಿನಿಂದ ಚರ್ಮ ಡಿ ತಯಾರಿಸುತ್ತದೆ, ಸಾಕಾದ ಮೇಲೆ ಹೆಚ್ಚಿನದನ್ನು ತಾನೇ ಬೇರೆ ವಸ್ತುವಾಗಿ ಬದಲಿಸಿಬಿಡುತ್ತದೆ. ಪೊಟ್ಟಣಕ್ಕೆ ಆ ಬುದ್ಧಿಯಿಲ್ಲ.

ಡಾಕ್ಟರಮ್ಮ ಅವಳಿಗೊಂದು ಕಥೆಯನ್ನೂ ಹೇಳಿದರು. 1597ರಲ್ಲಿ ಡಚ್ ನಾವಿಕ ವಿಲ್ಲೆಮ್ ಬಾರೆಂಟ್ಸ್‌ನ ತಂಡ ಉತ್ತರ ಧ್ರುವದ ಕಡೆ, ನೊವಾಯಾ ಜೆಮ್ಲ್ಯಾ ದ್ವೀಪದ ಹಿಮದಲ್ಲಿ ಸಿಕ್ಕಿಬಿದ್ದಿತ್ತು. ಹಸಿದ ನಾವಿಕರು ಹಿಮಕರಡಿಯ ಯಕೃತ್ತನ್ನು ತಿಂದರು. ಎಲ್ಲರೂ ಕಾಯಿಲೆ ಬಿದ್ದರು. ಮೂವರಿಗಂತೂ ಅಡಿಯಿಂದ ಮುಡಿಯವರೆಗೆ ಚರ್ಮ ಸುಲಿದುಬಂತು. ವಿಟಮಿನ್ ಎಂಬ ಹೆಸರು ಹುಟ್ಟಿದ್ದೇ 1912ರಲ್ಲಿ. ಹಿಮಕರಡಿಯ ಯಕೃತ್ತಿನಲ್ಲಿ ವಿಟಮಿನ್ ಎ ವಿಪರೀತ ತುಂಬಿರುತ್ತದೆ ಎಂಬುದು ಆ ಪಾಪದವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ನನಗೋ, ಚೀಟಿಯಲ್ಲಿ ‘ವಾರಕ್ಕೊಂದು’ ಎಂದು ಬರೆದೇ ಇತ್ತು.

ಆಮೇಲೆ ಪುಟ್ಟಿ ನನ್ನ ಮಂಚದ ಮೇಲೆ ಕೂತು ಲೆಕ್ಕ ಹಾಕಿದಳು. ದೊಡ್ಡವರಿಗೆ ದಿನಕ್ಕೆ ಬೇಕಾದ ಡಿ ಸುಮಾರು 600ರಿಂದ 800 ಯೂನಿಟ್. 800 ಎಂದೇ ಹಿಡಿದರೂ 60,000 ಯೂನಿಟ್ಟಿನ ಒಂದು ಪೊಟ್ಟಣ 75 ದಿನಕ್ಕಾಯಿತು. ನಾನು ದಿನಕ್ಕೊಂದರಂತೆ ಕುಡಿದದ್ದು 75 ಪೊಟ್ಟಣ. 75ರ ವರ್ಗ ಮಾಡುವ ಸುಲಭದ ದಾರಿ ನಾನೇ ಅವಳಿಗೆ ಕಲಿಸಿದ್ದೆ: ಏಳನ್ನು ಮುಂದಿನ ಎಂಟರಿಂದ ಗುಣಿಸಿದರೆ 56, ಪಕ್ಕದಲ್ಲಿ 25. ಒಟ್ಟು 5,625 ದಿನ!

“ತಾತ, ಹದಿನೈದು ವರ್ಷಕ್ಕೂ ಜಾಸ್ತಿ ಆಗೋದನ್ನ ಎರಡೂವರೆ ತಿಂಗಳಲ್ಲಿ ಕುಡಿದಿದೀಯ!” ನಾನು ಗೋಡೆಯ ಕಡೆ ಮುಖ ತಿರುಗಿಸಿದೆ.

ಪುಡಿ ನಿಲ್ಲಿಸಿ, ದಿನಗಟ್ಟಲೆ ಡ್ರಿಪ್ ಹಾಕಿ, ಸ್ಟೆರಾಯ್ಡ್ ಮಾತ್ರೆ ಕೊಟ್ಟು ಕ್ಯಾಲ್ಸಿಯಂ ಇಳಿಸಿದರು. ಕೆಲವು ಕಾಲ ಹಾಲು, ಮೊಸರು ಬೇಡವೆಂದರು. ಅದನ್ನು ತಡೆದುಕೊಂಡೆ. ರಾಗಿಯಲ್ಲೂ ಕ್ಯಾಲ್ಸಿಯಂ ಹೆಚ್ಚು, ಮುದ್ದೆಯೂ ಬೇಡ ಎಂದಾಗ ತುಮಕೂರು ಸೀಮೆಯ ನನಗೆ ಅಳುವೇ ಬಂತು. ಕೊಬ್ಬಿನಲ್ಲಿ ಕೂಡಿಟ್ಟದ್ದು ಬೇಗ ಖಾಲಿಯಾಗುವುದಿಲ್ಲ. ರಕ್ತದ ಲೆಕ್ಕ ಸರಿಹೋಗಲು ನಾಲ್ಕು ತಿಂಗಳು ಹಿಡಿಯಿತು. ತಲೆಯ ಮಂಜು ಮಾತ್ರ ಮೊದಲ ವಾರದಲ್ಲೇ ಸರಿದಿತ್ತು. ಅರಳು ಮರಳು ಎಂದು ಮನೆಯಲ್ಲೇ ಕೂತಿದ್ದರೆ ಕಿಡ್ನಿ ಕೈಬಿಡುತ್ತಿತ್ತೇನೋ.

ನನ್ನ ವಯಸ್ಸಿನವರಿಗೆ ಒಂದು ಮಾತು. ಡಾಕ್ಟರು ಬರೆದುಕೊಟ್ಟ ವಿಟಮಿನ್ನನ್ನು ಹೆದರಿ ಬಿಡಬೇಡಿ, ಕೊರತೆಯೂ ಕಾಯಿಲೆಯೇ. ಆದರೆ ಎಷ್ಟು, ಎಷ್ಟು ದಿನಕ್ಕೊಮ್ಮೆ, ಎಲ್ಲಿಯವರೆಗೆ ಎಂದು ಮೂರನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಆಸ್ಪತ್ರೆಗೆ ಹೋಗುವಾಗ ಪುಡಿ, ಟಾನಿಕ್ಕು, ಲೇಹ್ಯ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ.

ಮಕ್ಕಳೇ, ನಿಮಗೂ ಒಂದು ಕೆಲಸವಿದೆ. ಅಜ್ಜಿ ತಾತನ ಮಾತ್ರೆ ಡಬ್ಬಿಯ ಮೇಲೆ ವಾರದ ಹೆಸರು ಬರೆದು ಅಂಟಿಸಿಕೊಡಿ.

ನಮ್ಮ ಮನೆಯಲ್ಲಿ ಆ ಕೆಲಸ ಪುಟ್ಟಿಯದು. ರಾತ್ರಿ ಮಾತ್ರೆ ಎಣಿಸಿಕೊಟ್ಟು, ಹದಿನೇಳರ ಮಗ್ಗಿ ಒಪ್ಪಿಸು ಎನ್ನುತ್ತಾಳೆ. ತಪ್ಪಿಲ್ಲದೆ ಹೇಳಿದರೆ ಮಾತ್ರ ನನಗೆ ಮಲಗಲು ಅಪ್ಪಣೆ.