ಹೊಸ ಜಿಮ್ನಿಗೆ ಇನ್ನೂ ಎರಡಿಂಚು ಬೇಕೇ?

ಎಸ್‌ಯುವಿ ಕೊಂಡ ಕೂಡಲೇ ಸಸ್ಪೆನ್ಷನ್ ಬದಲಿಸಿ ಗಾಡಿಯನ್ನು ಎತ್ತರಿಸುವ ಆಸೆ ಹಲವರದು. ಮಾರುತಿ ಜಿಮ್ನಿಯನ್ನೇ ನೋಡಿ. ಕಾರ್ಖಾನೆಯಿಂದಲೇ ಅದಕ್ಕೆ 210 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್ ಇದೆ. ಉದ್ದನೆಯ ಸ್ಪ್ರಿಂಗ್ ಹಾಕಿದರೆ ಮೇಲೇರುವುದು ಬಾಡಿ ಮತ್ತು ಚಾಸಿ ಮಾತ್ರ. ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್ ಇರುವ ಈ ಗಾಡಿಯಲ್ಲಿ ನೆಲಕ್ಕೆ ತಾಗುವ ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತದೆ. ಅದನ್ನು ಎತ್ತಬಲ್ಲದ್ದು ದೊಡ್ಡ ಟೈರ್. ಸಕಲೇಶಪುರದ ಎಸ್ಟೇಟ್ ದಾರಿಯಲ್ಲಿ ಜೀಪಿನ ಚಕ್ರಗಳು ಕೊರೆದ ಕೊರಕಲಿನ ನಡುವಣ ದಿಬ್ಬ ತಾಗುವುದು ಡಿಫರೆನ್ಷಿಯಲ್‌ಗೇ. ಜೊತೆಗೆ ಗಾಡಿ ಎತ್ತರಿಸಿದಾಗ ಮುಂದಿನ ಆಕ್ಸಲ್ ತುಸು ತಿರುಗಿ ಸ್ಟೀರಿಂಗ್ ತಾನಾಗಿ ನೇರವಾಗುವ ಗುಣ ಕುಂದುತ್ತದೆ, ಗುರುತ್ವಕೇಂದ್ರ ಮೇಲೇರಿ ತಿರುವುಗಳಲ್ಲಿ ವಾಲಾಟ ಹೆಚ್ಚುತ್ತದೆ. ಹೆಡ್‌ಲೈಟ್ ಸರಿಪಡಿಸದಿದ್ದರೆ ಎದುರಿನವರ ಕಣ್ಣು ಕುಕ್ಕುತ್ತದೆ.

ಒಳ್ಳೆಯ ಲಿಫ್ಟ್ ಕಿಟ್ ಈ ದೋಷಗಳನ್ನು ತಿದ್ದುತ್ತದೆ ಎನ್ನುತ್ತಾರೆ. ಬಹುಮಟ್ಟಿಗೆ ನಿಜ, ಆದರೆ ಸರಿಯಾದ ಬುಷ್, ಹೊಂದಿಸಬಲ್ಲ ರಾಡ್, ಶಾಕ್ ಅಬ್ಸಾರ್ಬರ್ ಎಲ್ಲ ಸೇರಿದಾಗ ಬಿಲ್ಲೂ ಎತ್ತರಕ್ಕೇರುತ್ತದೆ. ಕಡಿದಾದ ಏರಿನ ನೆತ್ತಿಯಲ್ಲಿ ಹೊಟ್ಟೆ ತಾಗುವುದನ್ನು ಲಿಫ್ಟ್ ತಪ್ಪಿಸುತ್ತದೆಂಬುದೂ ಸರಿಯೇ. ಹೊಟ್ಟೆ ತಾಗದೆ ನೆತ್ತಿ ದಾಟಬಲ್ಲ ಜಿಮ್ನಿಯ ನಡುಕೋನ (ಬ್ರೇಕ್‌ಓವರ್ ಕೋನ) 24 ಡಿಗ್ರಿ ಮಾತ್ರ. ಆದರೆ ಅಂಥ ನೆತ್ತಿಗಳು ವಾರಾಂತ್ಯದ ಮಡಿಕೇರಿ ರಸ್ತೆಯಲ್ಲಿ ಸಿಗವು. ಮೇಲಾಗಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೋಂದಣಿ ವಿವರಕ್ಕೆ ಹೊಂದದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ವಾರಂಟಿ, ವಿಮೆಯ ತಕರಾರು ಬೇರೆ. ಮೊದಲು ಒಳ್ಳೆಯ ಆಲ್-ಟೆರೇನ್ ಟೈರ್, ಅಡಿಗೆ ರಕ್ಷಣಾ ತಗಡು ಹಾಕಿಸಿ ಒಂದು ಮಳೆಗಾಲ ಓಡಿಸಿ ನೋಡಿ.