ಹಳೇ ಲ್ಯಾಪ್‌ಟಾಪ್, ಹೊಸ ಥಿಯೇಟರ್

ಮೂಲೆ ಸೇರಿದ ಹಳೇ ಲ್ಯಾಪ್‌ಟಾಪ್ ಇದೆಯಾ? ಗುಜರಿಗೆ ಹಾಕಬೇಡಿ, ಟಿವಿ ಪಕ್ಕ ಇಡಿ. ಒಂದೇ ಎಚ್‌ಡಿಎಂಐ ಕೇಬಲ್ ಸಾಕು. ಚಿತ್ರ, ಧ್ವನಿ ಎರಡೂ ಅದರಲ್ಲೇ ಹೋಗುತ್ತೆ. ಸೌಂಡ್ ಮಾತ್ರ ಇನ್ನೂ ಲ್ಯಾಪ್‌ಟಾಪಲ್ಲೇ ಬರ್ತಿದೆಯಾ? ಸೌಂಡ್ ಸೆಟ್ಟಿಂಗ್ಸಲ್ಲಿ ಔಟ್‌ಪುಟ್ ಅಂತಿರೋ ಕಡೆ ಟಿವಿ ಹೆಸರು ಆರಿಸಿ.

ಸಿನಿಮಾ ನೋಡೋಕೆ ಕೋಡಿ ಅನ್ನೋ ಸಾಫ್ಟ್‌ವೇರ್ ಹಾಕ್ಕೊಳ್ಳಿ. ಉಚಿತ. ಮೂಲತಃ ಎಕ್ಸ್‌ಬಾಕ್ಸ್ ಗೇಮ್ ಪೆಟ್ಟಿಗೆಗೆ ಅಂತ ಹುಟ್ಟಿದ್ದು, 2014ರಲ್ಲಿ ಈ ಹೆಸರು ಬಂತು.

ಈಗ ಬಹಳ ಜನ ಗಮನಿಸದ ವಿಷಯ. ಸಿನಿಮಾ ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮ್. ಲ್ಯಾಪ್‌ಟಾಪ್ ಟಿವಿಗೆ ಕಳಿಸೋದು ಹೆಚ್ಚಾಗಿ 60. ಭಾಗಿಸಿ ನೋಡಿ, ಎರಡೂವರೆ! ಹಾಗಾಗಿ ಒಂದು ಫ್ರೇಮ್ ಎರಡು ಸಲ, ಮುಂದಿನದು ಮೂರು ಸಲ. ಕ್ಯಾಮೆರಾ ನಿಧಾನಕ್ಕೆ ಪಕ್ಕಕ್ಕೆ ತಿರುಗಿದಾಗ ಚಿತ್ರ ತಡವರಿಸೋದು ಇದಕ್ಕೇ. ಪಾಪ, ಬೈಸಿಕೊಳ್ಳೋದು ಮಾತ್ರ ಟಿವಿ! ಕೋಡಿಯ ಪ್ಲೇಯರ್ ಸೆಟ್ಟಿಂಗ್ಸಲ್ಲಿ 'ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್' ಆನ್ ಮಾಡಿ. ಟಿವಿ 24 ಹರ್ಟ್ಸ್ ತಗೊಳ್ಳೋದಾದ್ರೆ ತಡವರಿಕೆ ಹೋಗುತ್ತೆ.

ಮನೇಲಿ 5.1 ಆಂಪ್ಲಿಫೈಯರ್ ಇದ್ರೆ ಹೆಡ್‌ಫೋನ್ ಜಾಕ್‌ನಿಂದ ವೈರ್ ಎಳೀಬೇಡಿ, ಅದರಲ್ಲಿ ಎರಡೇ ಚಾನೆಲ್. ಆಂಪ್ಲಿಯಲ್ಲಿ ಎಚ್‌ಡಿಎಂಐ ಇದ್ರೆ ಲ್ಯಾಪ್‌ಟಾಪ್‌ನಿಂದ ಮೊದಲು ಅದಕ್ಕೆ, ಅಲ್ಲಿಂದ ಟಿವಿಗೆ. ಹಾಂ, ಕೋಡಿಯಲ್ಲಿ ಚಾನೆಲ್ ಸಂಖ್ಯೆ ಮೊದಲಿಗೆ 2.0 ಇರುತ್ತೆ, ಅದನ್ನೂ 5.1 ಮಾಡಿ, ಇಲ್ಲಾಂದ್ರೆ ಹಿಂದಿನ ಸ್ಪೀಕರ್ ಸುಮ್ಮನೆ ಕೂತಿರುತ್ತವೆ.